ಗುಳಿಗೆ ಡಬ್ಬಿಯ ಚೀಟಿ

ಉಪ್ಪು, ಒಣಮೆಣಸಿನಕಾಯಿ ಕಟ್ಟಿದ ಕಾಗದದ ಪೊಟ್ಟಣವನ್ನು ಪದ್ಮವ್ವ ಮಗಳ ಮುಖಕ್ಕೆ ಮೂರು ಸಲ ನಿವಾಳಿಸಿದಳು. “ಮೊಡವಿ ಹೋಗಿ ಮಾರಿ ಕನ್ನಡಿ ಹಂಗ ಆಗೇತಿ. ಯಾರದೋ ನೆದರ ಬಿದ್ದೈತಿ, ಅದಕ್ಕ ಹಿಂಗ ಮಂಕಾಗಿ ಕುಂತಿ.”

ಮುರಗೋಡದ ಬಸ್ಸಿನಲ್ಲೂ ಗೆಳತಿಯರು ಪೂನಮ್‌ಳ ಮುಖವನ್ನೇ ಹೊಗಳುತ್ತಿದ್ದರು. ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ ಎಂದು ಯಾರಿಗೆ ಹೇಳುವುದು?

ಆಗ ಪೊಟ್ಟಣದ ಕಾಗದ ಕಣ್ಣಿಗೆ ಬಿತ್ತು. ಮೊಡವೆ ಗುಳಿಗೆಯ ಡಬ್ಬಿಯೊಳಗಿದ್ದ ಚೀಟಿ ಅದು. ಈ ಗುಳಿಗೆ ನುಂಗುವಾಗ ಕಾರಣವಿಲ್ಲದೆ ಅಳು ಬಂದರೆ, ಬದುಕೇ ಬೇಡವೆನಿಸಿದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕೆಂಬ ಸಾಲಿಗೆ ನಿನ್ನೆ ಅವಳೇ ಕೆಂಪು ಗೆರೆ ಎಳೆದು, ಅವ್ವ ನೋಡಲೆಂದು ಅಡುಗೆಕಟ್ಟೆಯ ಮೇಲಿಟ್ಟಿದ್ದಳು.

ಪದ್ಮವ್ವ ಒಲೆಯತ್ತ ಬಾಗಿದಳು. ಪೂನಮ್ ಅವಳ ಮುಂಗೈ ಹಿಡಿದಳು.

“ಸುಡಬ್ಯಾಡ ಯವ್ವಾ. ನನಗ ಆಗಿದ್ದು ಅದರಾಗ ಬರದೈತಿ.”