ಹನುಮೇಶನ ಬೆಂಚು

ಬೆಂಚು ತನ್ನ ಮೇಲೆ ಕೂತ ಮಕ್ಕಳನ್ನು ಮರೆಯುವುದಿಲ್ಲ. ಆಮೇಲೆ ಕೂತವರ ಮೈಗೆ ಆ ಮಗುವಿನ ಅನುಭವವೇ ಇಳಿಯುತ್ತದೆ. ಅದಕ್ಕೇ ತಮಗೇ ತರಬೇತಿ ಇರುವ ದಿನ ನಮ್ಮೂರ ಶಾಲೆಯ ಶಿಕ್ಷಕರು ಬೇಗ ಬಂದು, ಬಸ್ಸಿನ ಸೀಟಿಗೆ ಹಾಕುವಂತೆ, ಜಾಣರ ಬೆಂಚಿಗೆ ಕರ್ಚೀಫು ಹಾಕಿಬಿಡುತ್ತಾರೆ.

ನಾಲ್ಕನೇ ತರಗತಿಗೆ ಪಾಠ ಮಾಡುವ ನೀಲಮ್ಮ ಅಕ್ಕೋರು ತಡವಾಗಿ ಬಂದರು. ಉಳಿದಿದ್ದದ್ದು ಹಿಂದಿನ ಬೆಂಚು. ಅದು ದಸರಾ ರಜೆಯ ನಂತರ ಶಾಲೆಗೆ ಬಾರದ, ಅವರದೇ ತರಗತಿಯ ಹನುಮೇಶನದು.

"ನಿಮ್ಮ ಮೈಗಳ್ಳನ ಜಾಗ ರೀ ಅಕ್ಕೋರ, ನಿದ್ದಿ ಬಂದೀತು ಹುಷಾರು!" ವೀರಭದ್ರಪ್ಪ ಮಾಸ್ತರು ನಕ್ಕರು. "ನಾಳೆ ಇಟ್ಟಂಗಿ ಭಟ್ಟಿಗೆ ದುಡಿಯಾಕ ಹೊಂಟಾನಂತ. ಪೀಡಾ ಹೋತು ಬಿಡ್ರಿ."

ಅಕ್ಕೋರು ಕೂತರು. ನಿದ್ದೆ ಬರಲಿಲ್ಲ. ಕರಿಹಲಗೆಯ ಮೇಲಿನ ಅಕ್ಷರಗಳೆಲ್ಲ ಬಿಳಿ ಹೊಗೆಯಾದವು. ಕಣ್ಣುಜ್ಜಿಕೊಂಡು, ಕುತ್ತಿಗೆ ಚಾಚಿ ನೋಡಿದರೂ ಅದು ಹೊಗೆಯೇ.

ತರಬೇತಿ ಕೊಡುವವರು ಮೇಜಿನ ಮೇಲಿದ್ದ ಕೋಲು ತೆಗೆದುಕೊಂಡು ಹಲಗೆ ತೋರಿಸಿದರು. "ಹಿಂದಿನ ಅಕ್ಕೋರ, ಈ ಸಾಲು ಓದ್ರಿ."

ಅಕ್ಕೋರು ಎದ್ದು ನಿಂತರು. ಕಾಣಿಸುತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಬಲಗೈ ಮಾತ್ರ ಏಟಿಗಾಗಿ ತಾನಾಗಿಯೇ ಮುಂದೆ ಚಾಚಿಕೊಂಡಿತು.

ಆ ಕೋಲು ಅಕ್ಕೋರದೇ ಆಗಿತ್ತು.

"ಹುಡುಗಗ ದೂರದ್ದು ಕಾಣಂಗಿಲ್ರಿ," ಅಂದರು ಅಕ್ಕೋರು, ಬೆಂಚಿನಿಂದ ಹೊರಗೆ ಬಂದು. "ನಾ ಈಗ ಹೋಗಿ ಕರ್ಕೊಂಡು ಬರ್ತೀನಿ. ಅವನ ಮನಿ ಎಲ್ಲೈತ್ರಿ?"

ನಾಲ್ಕು ವರ್ಷ ಅವನ ಅಂಗೈ ನೋಡಿದವರಲ್ಲಿ ಒಬ್ಬರೂ ಅವನ ಮನೆ ನೋಡಿರಲಿಲ್ಲ.