ಗುಡ್ಡ ಹತ್ತಿದ ಚಿಲ್ಗೋಜಾ

“ಯಾರದು? ಇಳಿ ಕೆಳಗೆ, ಕಳ್ಳ!” ಎಂದು ಪಲ್ದನ್ ಮುದುಕ ಗದರಿದಾಗ ಮೊದಲು ಒಂದೆರಡು ಚಿಲ್ಗೋಜಾ ಕಾಯಿ ಉದುರಿದವು. ಆಮೇಲೆ ಕೊಂಬೆಗಳ ನಡುವೆ ಅವನ ಮಗಳ ಮುಖ ಕಾಣಿಸಿತು.

“ನಾನಪ್ಪಾ, ಕೇಸಂಗ್. ಅಷ್ಟು ಜೋರಾಗಿ ಕಿರುಚಬೇಡ, ಕೆಮ್ಮು ಬರುತ್ತೆ.”

ಕೆಮ್ಮು ಬಂದೇ ಬಂತು. ಪಲ್ದನ್ ಕೆಳಗಿನೂರಿನ ಕಾಡು ಕಾಯುವವನು. ಮಗಳನ್ನು ಕೊಟ್ಟದ್ದು ಮೇಲಿನೂರಿಗೆ. ಎರಡೂ ಊರಿನ ಹಿರಿಯರು ಕಾಡು ಹಂಚಿಕೊಂಡಾಗ ಗಡಿಕಲ್ಲು ನೆಡುವ ಗೋಜಿಗೇ ಹೋಗಿರಲಿಲ್ಲ. ಬಾದಾಮಿಯಂತೆ ತಿನ್ನುವ ಬೀಜದ ಚಿಲ್ಗೋಜಾ ಪೈನ್ ಮರ ಎಲ್ಲಿದ್ದರೂ ಕೆಳಗಿನೂರಿನದು, ದೇವದಾರು ಎಲ್ಲಿದ್ದರೂ ಮೇಲಿನೂರಿನದು ಎಂದು ಮಾತು ಮುಗಿಸಿದ್ದರು. ಕಾಡಿಗೆ ಕಾಲು ಬರುತ್ತದೆಂದು ಪಾಪ ಅವರಿಗೇನು ಗೊತ್ತು? ಹಿಮ ಕಡಿಮೆಯಾಗುತ್ತ ಬಂದಂತೆ ಚಿಲ್ಗೋಜಾ ತನ್ನ ಮಾಚಿಪತ್ರೆ, ಮುಳ್ಳುಪೊದೆಗಳ ಬಳಗವನ್ನೆಲ್ಲ ಕಟ್ಟಿಕೊಂಡು ಗುಡ್ಡ ಹತ್ತಿತ್ತು. ಈ ಮರವಂತೂ ದೇವದಾರುಗಳ ನಡುವೆ, ಕೇಸಂಗಳ ಅಡುಗೆಮನೆಯ ಹಿಂದೆಯೇ ನಿಂತಿತ್ತು.

“ಮರ ನಮ್ಮೂರಿಂದು,” ಎಂದ ಪಲ್ದನ್.

“ನಾನು ಮದುವೆಯಾಗಿ ಬಂದಾಗ ನನ್ನ ಮೊಣಕಾಲಿಗೆ ಬರ್ತಿತ್ತು. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದಿದ್ದು ನಿಮ್ಮದು ಹ್ಯಾಗಾಗುತ್ತೆ?”

“ಬೀಜ ಬಂದಿದ್ದೆಲ್ಲಿಂದ? ಕೆಳಗಿಂದ ತಾನೆ? ಮೇಲಕ್ಕೆ ಹೋದ ಮಾತ್ರಕ್ಕೆ ನಮ್ಮದಲ್ಲ ಅಂತ ಆಗಿಬಿಡುತ್ತಾ?”

ಕೇಸಂಗ್ ಸರಸರನೆ ಇಳಿದು ಬಂದಳು. “ಇನ್ನೊಂದ್ಸಲ ಹೇಳು ನೋಡೋಣ.”

ಮುದುಕ ಬಗ್ಗಿ ಉದುರಿದ ಕಾಯಿ ಆರಿಸತೊಡಗಿದ.

“ಈ ಸಲ ಹಿಮ ಕರಗಿದ ಮೇಲೆ ಸೇಬಿನ ತೋಟಾನೆಲ್ಲ ನನ್ನ ತಮ್ಮನಿಗೆ ಕೊಟ್ಟೆ. ನಂಗೂ ಒಂದು ಸಾಲು ಕೊಡಪ್ಪಾ ಅಂದ್ರೆ ಏನಂದೆ? ‘ಮೇಲಕ್ಕೆ ಹೋದವಳು ಮೇಲಿನವಳು’ ಅಂದೆ. ಮರ ಎಲ್ಲಿಗೆ ಹೋದ್ರೂ ನಿಮ್ಮದು, ಮಗಳು ಮಾತ್ರ ಅಲ್ಲ. ಅಲ್ವಾ?”

“ಅದು ಕಟ್ಟಳೆ ಕಣೇ. ನಾನು ಮಾಡಿದ್ದಲ್ಲ.”

“ಸರಿ ಹಾಗಾದ್ರೆ. ಇನ್ನೊಂದು ಕಟ್ಟಳೆ ಇದೆಯಲ್ಲ, ಹೋಗಿ ಬಂಡೆ ಮೇಲೆ ನಿಂತು ಕೂಗು.”

ಚಿಲ್ಗೋಜಾ ಊರೆಲ್ಲ ಸೇರಿ ಕಿತ್ತು ಹಂಚಿಕೊಳ್ಳುವ ಬೆಳೆ. ಒಂಟಿಯಾಗಿ ಕಿತ್ತವರು ಯಾರೇ ಆದರೂ ಕಳ್ಳರೇ. ಕಾಯುವವನು ಬಂಡೆಯ ಮೇಲೆ ನಿಂತು ಕಳ್ಳರ ಮನೆತನದ ಹೆಸರು ಕೂಗಬೇಕು. ಆ ಮನೆಯ ಯಜಮಾನ ಟೋಪಿ ತೆಗೆದು ಬರಿದಲೆಯಲ್ಲಿ ಊರದೇವತೆಯ ಮುಂದೆ ನಿಲ್ಲಬೇಕು. ಅದಕ್ಕಿಂತ ಸಾವೇ ಲೇಸೆನ್ನುವ ಜನ ಅವರು.

ಪಲ್ದನ್ ಬಂಡೆ ಹತ್ತಿದ. ಕೆಳಗೆ ಸತ್ಲಜ್ ನದಿಯ ಕಡೆಯ ಇಳಿಜಾರಿನಲ್ಲಿ ಇಡೀ ಊರು ಕಾಯಿ ಕೀಳುತ್ತಿತ್ತು. ಕೇಸಂಗಳ ಗಂಡನ ಮನೆತನ ಲೋಕ್ತಸ್. ಅದನ್ನು ಕೂಗಿಬಿಟ್ಟರೆ ಅವನ ಕೆಲಸ ಮುಗಿಯುತ್ತಿತ್ತು. ಬಾಯಿತನಕ ಬಂದೂ ಇತ್ತು. ಒಮ್ಮೆ ಹಿಂತಿರುಗಿ ನೋಡಿದ. ಮಗಳು ಅಳುತ್ತಿರಲಿಲ್ಲ, ತೀರಿಹೋದ ತಾಯಿಯ ಹಾಗೆಯೇ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ಮುದುಕ ಮತ್ತೆ ಇಳಿಜಾರಿನ ಕಡೆ ತಿರುಗಿದ.

“ಪಾನಂಗ್!” ಎಂದು ಕೂಗಿದ. ಅದು ಅವನದೇ ಮನೆತನ. “ಪಾನಂಗ್ ಮನೆಯವಳು!”

ಕೆಳಗಿನಿಂದ ನಗು ಎದ್ದಿತು. ಅದರ ಹಿಂದೆಯೇ ಅವನ ಮಗನ ದನಿ: “ಅಪ್ಪಾ, ನಿಂಗೇನು ಅರಳುಮರಳಾ? ನಮ್ಮನೆಯವರೆಲ್ಲಾ ಇಲ್ಲೇ ಇದೀವಿ!”

ಪಲ್ದನ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಎಲ್ಲಾ ಇಲ್ಲ ಕಣೋ! ಸರಿಯಾಗಿ ಎಣಿಸು!”