ಗಂಟಿಲ್ಲದ ಮುದ್ದೆ

ರಾಗಿಹಿಟ್ಟು ಬೇಯುವ ವಾಸನೆ ಬಂದರೆ ಈಗಲೂ ಹೊಳೆನರಸೀಪುರದ ಆ ಮಧ್ಯಾಹ್ನ ಕಣ್ಮುಂದೆ ಬರುತ್ತದೆ.

ಮಂಡಿ ಬದಲಿಸುವ ಆಪರೇಷನ್ ಆಗಿ ಅಜ್ಜಿ ಮನೆಗೆ ಬಂದಿದ್ದಳು. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ, ಕುಕ್ಕರಗಾಲಲ್ಲಿ ಕೂತು ಮುದ್ದೆ ತೊಳಸುವ ಕೆಲಸ ಅಮ್ಮನ ಪಾಲಿಗೆ ಬಂದಿತ್ತು. ಅಮ್ಮನ ಮುದ್ದೆಯಲ್ಲಿ ದಿನವೂ ಹಿಟ್ಟಿನ ಗಂಟು. ನಾವು ಗಂಟು ಸಮೇತ ನುಂಗುತ್ತಿದ್ದೆವು.

ಅವತ್ತು ಅಜ್ಜಿ ವಾಕರ್ ಹಿಡಿದು ಅಡುಗೆಮನೆಗೆ ಬಂದಳು.

“ಪಾತ್ರೆ ತಂದು ಬೆಂಚಿನ ಮ್ಯಾಲಿಕ್ಕು, ಇಕ್ಕಳದಲ್ಲಿ ಭದ್ರವಾಗಿ ಇಡ್ಕೋ. ಡಾಕ್ಟ್ರು ಕೂರಬ್ಯಾಡ ಅಂದವ್ರೆ, ನಿಂತ್ಕಬ್ಯಾಡ ಅಂದಿಲ್ಲ,” ಎಂದು ಅಮ್ಮನಿಗೆ ಹೇಳಿದಳು.

ಮುದ್ದೆಕೋಲು ಗರಗರ ತಿರುಗತೊಡಗಿತು. ಅಜ್ಜಿಯ ಬೆವರು ಮೂಗುತಿಯವರೆಗೆ ಇಳಿಯಿತು. ಅವಳ ಎರಡೂ ಕೈ ಕೋಲಿನ ಮೇಲಿದ್ದವು.

“ಅಜ್ಜಿ, ವಾಕರ್ ಬಿಟ್ಬುಟ್ಟಿದೀಯ!” ಎಂದು ನಾನು ಕೂಗಿದೆ.

ಅವಳು ತಿರುಗಿಯೂ ನೋಡಲಿಲ್ಲ.

“ಸುಮ್ಕಿರವ್ವ, ಗಂಟಾಯ್ತದೆ.”